ತುಳಸಿಕಟ್ಟೆ ಪಕ್ಕದ ಅರ್ತಿಂಗು

ಹೋದ ತಿಂಗಳು ಚಿತ್ತಾಪುರದ ನಮ್ಮ ಮನೆಯ ಮಾಳಿಗೆಗೆ ಕಂಪ್ಯೂಟರಿನ ಕೇಬಲ್ ಎಳೆಸುತ್ತಿದ್ದೆ. ಎಲೆಕ್ಟ್ರಿಷಿಯನ್ ಕೇಬಲ್ಲಿನ ತುದಿ ಸುಲಿದು, ಒಳಗಿದ್ದ ಬೆಳ್ಳಿಹಾಳೆಯನ್ನೂ ಅದಕ್ಕೆ ಅಂಟಿಕೊಂಡೇ ಬರುವ ಬರಿಮೈ ತಂತಿಯನ್ನೂ ಎತ್ತಿ ತೋರಿಸಿ, “ಇದನ್ನ ಎರಡೂ ಕಡೆ ಅರ್ತಿಂಗಿಗಿ ಕಟ್ಟಿಬಿಡ್ಲೇನ್ರಿ ಸರ? ಗಟ್ಟಿ ಆಗ್ತದ” ಎಂದ.

“ಬ್ಯಾಡ. ಒಂದೇ ಕಡೆ ಕಟ್ಟು. ಆಮ್ಯಾಲೆ ಕೇಬಲ್ ಮುಟ್ಟಿ ನೋಡು, ಬೆಚ್ಚಗ ಆಗ್ಯದೇನು” ಎಂದೆ.

ಅವನು ನನ್ನನ್ನು ಮೇಲೆ ಕೆಳಗೆ ನೋಡಿದ. ಜೀವಮಾನವಿಡೀ ಕೆಮಿಸ್ಟ್ರಿ ಹೇಳಿದ ಮನುಷ್ಯ, ಬಲ್ಬು ಬದಲಿಸಲು ಕೂಡ ಪಕ್ಕದ ಮನೆಯವರನ್ನು ಕರೆಯುವವನು, ಇವತ್ತು ಬುದ್ಧಿ ಹೇಳುತ್ತಿದ್ದಾನಲ್ಲ ಎಂದು ಅವನಿಗೆ ಅನಿಸಿರಬೇಕು. ನಿಜಕ್ಕೂ ಅದು ನನ್ನ ಬುದ್ಧಿಯಲ್ಲ. ಫಿಜಿಕ್ಸ್ ಮೇಡಂ ಹೇಳಿದ್ದನ್ನು ಒಪ್ಪಿಸಿದೆ, ಅಷ್ಟೆ. ಮೇಡಂ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ಸೇಡಂನ ಕಾಲೇಜಿನಲ್ಲಿ ಅವರ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಪ್ರಿನ್ಸಿಪಾಲರಿಂದ ಹಿಡಿದು ಗಂಟೆ ಬಾರಿಸುವವನವರೆಗೆ ಎಲ್ಲರಿಗೂ ಅವರು ಫಿಜಿಕ್ಸ್ ಮೇಡಂ. ಅವರೂ ಅದೇ ಲೆಕ್ಕದಲ್ಲಿ ನಮ್ಮನ್ನೆಲ್ಲ ವಿಷಯದ ಹೆಸರಿನಿಂದಲೇ ಕರೆಯುತ್ತಿದ್ದರು. ನಾನು ಚಿತ್ತಾಪುರದಿಂದ ರೈಲಿಗೆ ಓಡಾಡುತ್ತಿದ್ದವನು. ವಾಡಿಯಲ್ಲಿ ಗಾಡಿ ತಡವಾದರೆ ಮೊದಲ ಪಾಠಕ್ಕೆ ಓಡೋಡಿ ಬರುತ್ತಿದ್ದೆ. “ಏನ್ರಿ ಕೆಮಿಸ್ಟ್ರಿ, ವಾಡಿ ಜಂಕ್ಷನ್ ಇನ್ನಾ ಎದ್ದಿಲ್ಲೇನು?” ಎಂದು ವರಾಂಡದಲ್ಲಿ ನಿಂತು ಕೇಳುತ್ತಿದ್ದರು. ನಾರಾಯಣಪೇಟ ಸೀರೆ, ಬಿಗಿದು ಕಟ್ಟಿದ ತುರುಬು, ಎಡಗೈಯಲ್ಲಿ ಗಂಡಸರ ಗಡಿಯಾರ. ಏಕಾದಶಿಯ ದಿನ ಮಾತ್ರ ಅವರ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಹೊಟ್ಟೆ ಖಾಲಿ ಇದ್ದಾಗ ಅವರು ನ್ಯೂಟನ್ನನ್ನೂ ಬಿಡುತ್ತಿರಲಿಲ್ಲ.

ಬೇರೆ ಹೆಂಗಸರು ಪರ್ಸಿನಲ್ಲಿ ಏನೇನು ಇಟ್ಟುಕೊಳ್ಳುತ್ತಾರೋ ನನಗೆ ಗೊತ್ತಿಲ್ಲ. ಮೇಡಂ ಪರ್ಸಿನಲ್ಲಿ ಟೆಸ್ಟರ್ ಇರುತ್ತಿತ್ತು. ಶಹಾಬಾದಿನಲ್ಲಿ ನಮ್ಮ ಸಹೋದ್ಯೋಗಿಯೊಬ್ಬರ ಮಗಳ ಮದುವೆ, ಕಡು ಬೇಸಿಗೆ. ಬೀಗರಿಗೆಂದು ಇಟ್ಟ ದೊಡ್ಡ ಕೂಲರಿನ ಮುಂದೆ ಎಲ್ಲರೂ ಜಾಗಕ್ಕೆ ಕಿತ್ತಾಡುತ್ತಿದ್ದಾಗ ಮೇಡಂ ಹೋಗಿ ಅದರ ತಗಡಿಗೆ ಟೆಸ್ಟರ್ ಹಿಡಿದರು. ಟೆಸ್ಟರಿನ ದೀಪ ಹೊತ್ತಿತು; ತಗಡಿನಲ್ಲಿ ಕರೆಂಟಿತ್ತು. ತಕ್ಷಣ ಕೂಲರ್ ಆರಿಸಿ ವೈರ್ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟರು. ಬೀಗರ ಕಡೆಯ ಹಿರಿಯರೊಬ್ಬರಿಗೆ ಭಾರೀ ಸಿಟ್ಟು ಬಂತು. “ನಮಗ ಗಾಳಿ ಬ್ಯಾಡೇನ್ರಿ?” ಎಂದರು. “ಗಾಳಿ ಬೇಕ್ರಿ. ಆದ್ರ ನೀವೂ ಬೇಕಲ್ಲ” ಎಂದರು ಮೇಡಂ. ಆ ಮದುವೆಯಲ್ಲಿ ನಾವೆಲ್ಲ ಬೆವರುತ್ತಲೇ ಉಂಡೆವು.

ಅವರ ಭಯಕ್ಕೆ ಕಾರಣ ಇತ್ತು. ನಮ್ಮ ಸೀಮೆಯಲ್ಲಿ ನೆಲ ಫರ್ಸಿ ಕಲ್ಲು, ಗೋಡೆ ಫರ್ಸಿ, ಎಷ್ಟೋ ಮನೆಗಳಲ್ಲಿ ಮಾಳಿಗೆಯೂ ಫರ್ಸಿ. ದಿನವೂ ಒದ್ದೆ ಬಟ್ಟೆಯಲ್ಲಿ ಒರೆಸಿದ ಕಲ್ಲಿನ ಮೇಲೆ ಬರಿಗಾಲಲ್ಲಿ ಓಡಾಡುವ ಜನ ನಾವು. ಇನ್ನು ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿಂಗು ಹಾಕೋಣವೆಂದರೆ ಎಲ್ಲಿ ತೋಡಿದರೂ ಗೇಣಿನ ಕೆಳಗೆ ಅದೇ ಕಲ್ಲು. ಕಬ್ಬಿಣದ ಸಲಾಕೆಯನ್ನು ಅಷ್ಟೇ ಆಳಕ್ಕೆ ಇಳಿಸಿ, ಮೇಲೆ ಸಿಮೆಂಟು ಮೆತ್ತಿ, ಆಯಿತೆಂದು ಕೈ ತೊಳೆದುಕೊಳ್ಳುತ್ತಾರೆ. “ಕರೆಂಟಿಗಿ ನೆಲದಾಗ ಹೋಗಲಿಕ್ಕ ದಾರಿ ಬೇಕ್ರಿ. ದಾರಿ ಇರಲಿಲ್ಲಂದ್ರ ಅದು ಮನುಷಾನ್ನ ಹುಡುಕ್ತದ” ಎನ್ನುತ್ತಿದ್ದರು.

ಈ ದಾರಿಯ ಮಾತನ್ನು ಅವರು ಎಲ್ಲದಕ್ಕೂ ಹಚ್ಚುತ್ತಿದ್ದರು. ದಂಡೋತಿಯ ಹುಡುಗಿಯೊಬ್ಬಳು ಪರೀಕ್ಷೆಯಲ್ಲಿ ಫೇಲಾಗಿ ಲ್ಯಾಬಿನ ಮೂಲೆಯಲ್ಲಿ ಕಲ್ಲಿನ ಹಾಗೆ ಕೂತಿದ್ದಳು. ನಾವೆಲ್ಲ ಧೈರ್ಯ ಹೇಳಿ ಹೇಳಿ ಸುಸ್ತಾದೆವು. ಮೇಡಂ ಬಂದವರೇ, “ಅಳಬ್ಯಾಡ ಅಂತ ಯಾಕ ಹೇಳಲಿಕತ್ತೀರಿ? ಅಳಲಿ ಬಿಡ್ರಿ, ಹೋಗಲಿಕ್ಕ ದಾರಿ ಬ್ಯಾಡೇನು?” ಎಂದು ನಮ್ಮನ್ನೇ ಹೊರಗೆ ಹಾಕಿ ಬಾಗಿಲು ಮುಂದೆ ಮಾಡಿದರು. ಒಳಗಿಂದ ಅಳು ಕೇಳಿಸಿತು. ಅರ್ಧ ಗಂಟೆಯ ಮೇಲೆ ಇಬ್ಬರೂ ಚಹಾಕ್ಕೆ ಹೊರಟರು.

“ಮೇಡಂ, ಎಲ್ಲರಿಗೂ ದಾರಿ ಹೇಳ್ತೀರಿ, ನಿಮ್ಮ ಸಿಟ್ಟಿಗಿ ದಾರಿ ಎಲ್ಲದ?” ಎಂದು ನಾನೊಮ್ಮೆ ಛೇಡಿಸಿದ್ದೆ. “ಅದು ಬ್ಯಾಟರಿ ಕರೆಂಟ್ರಿ. ಕುಂತಲ್ಲೇ ಕುಂತಿರ್ತದ” ಎಂದು ನಕ್ಕರು. ಯಾವ ಸಿಟ್ಟು ಎಂದು ಇಬ್ಬರಿಗೂ ಗೊತ್ತಿತ್ತು.

ಅವರ ತಂದೆ ಸೇಡಂನಲ್ಲಿ ಶಾಲೆ ಮೇಷ್ಟ್ರು, ಜೊತೆಗೆ ಹನುಮಪ್ಪನ ಗುಡಿಯ ಪೂಜೆ. ಮೇಡಂ ಮದುವೆ ಮಾಡಿಕೊಳ್ಳಲಿಲ್ಲ. ತಂದೆ ತೀರಿದ ಮೇಲೆ ಮನೆ ಅವರಿಗೂ ತಮ್ಮನಿಗೂ ಪಾಲಾಯಿತು. ಹಿರಿಯರು ಕೂತು ಪಾತ್ರೆ, ಪೆಟ್ಟಿಗೆ, ಬಾಗಿಲು, ಕಿಡಕಿ ಎಲ್ಲವನ್ನೂ ಸಮಸಮ ಹಂಚಿದರು. ಅಂಗಳದ ನಡುವೆ ಹಗ್ಗ ಹಿಡಿದಾಗ ತುಳಸಿಕಟ್ಟೆ ಅಕ್ಕನ ಕಡೆ ಬಿತ್ತು. ತಂದೆಯ ನಂತರ ಗುಡಿಯ ಪೂಜೆ ವಹಿಸಿಕೊಂಡವನು ತಮ್ಮ. ಕಟ್ಟೆ ತನಗೇ ಬರಬೇಕೆಂದ. ತಂದೆಯ ಕೊನೆಯ ವರ್ಷಗಳಲ್ಲಿ ದಿನವೂ ಅದಕ್ಕೆ ನೀರು ಹಾಕಿದವಳು ಅಕ್ಕ, ಬಿಡಲಿಲ್ಲ. ಹಗ್ಗ ಬಿದ್ದಲ್ಲೇ ಗೋಡೆ ಎದ್ದಿತು. ಈ ಗೋಡೆಗೆ ಯಾರೂ ಕಿಡಕಿ ಇಡಬಾರದು, ಮೋರಿ ಬಿಡಬಾರದು ಎಂದು ಹಿರಿಯರು ಕರಾರು ಮಾಡಿದರು. ತಮ್ಮನ ಹೆಂಡತಿ ತನ್ನ ಕಡೆ ಎಣ್ಣೆಡಬ್ಬಿಯಲ್ಲಿ ಒಂದು ತುಳಸಿ ನೆಟ್ಟಳು. ಅಂದಿನಿಂದ ಅಕ್ಕ ತಮ್ಮ ಮಾತು ಬಿಟ್ಟರು.

ಕಟ್ಟೆಯ ಪಕ್ಕದಲ್ಲೇ ಮೇಡಂ ತಮ್ಮ ಮನೆಯ ಅರ್ತಿಂಗಿನ ಗುಂಡಿ ತೋಡಿಸಿದರು. ಆ ಅಂಗಳದಲ್ಲಿ ಆಳಕ್ಕೆ ಮಣ್ಣಿದ್ದ ಜಾಗ ಅದೊಂದೇ. ತಾಮ್ರದ ಹಲಗೆ ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿಸಿದರು. ಉಪ್ಪು ಎಷ್ಟು ಹಾಕಬೇಕೆಂದು ನನ್ನನ್ನು ಕೇಳಿದ್ದರು. ಹೆಚ್ಚು ಹಾಕಿದರೆ ತಾಮ್ರ ತಿಂದುಹಾಕುತ್ತದೆ ಎಂದು ಹೇಳಿದ್ದೊಂದೇ ಈ ಕಥೆಯಲ್ಲಿ ಕೆಮಿಸ್ಟ್ರಿಯ ಕೊಡುಗೆ. ದಿನವೂ ಸಂಜೆ ತುಳಸಿಗೆ ಒಂದು ತಂಬಿಗೆ, ಗುಂಡಿಗೆ ಒಂದು ಕೊಡ ನೀರು. ನೆರೆಯವರು ಮೇಡಂ ಕರೆಂಟಿಗೂ ಪೂಜೆ ಮಾಡುತ್ತಾರೆ ಎಂದು ಆಡಿಕೊಳ್ಳುತ್ತಿದ್ದರು.

ಆಮೇಲೆ ಊರಿಗೆ ಫೋನಿನ ಲೈನಿನಲ್ಲೇ ಬ್ರಾಡ್‌ಬ್ಯಾಂಡ್ ಬಂತು. ಬೀದಿಗಿದ್ದ ತನ್ನ ಕೋಣೆಯಲ್ಲಿ ತಮ್ಮ ಹಳೆಯ ಕಂಪ್ಯೂಟರುಗಳನ್ನಿಟ್ಟು ಇಂಟರ್ನೆಟ್ ಅಂಗಡಿ ತೆರೆಯಲು ಹೊರಟ. ಗುಡಿಯ ತಟ್ಟೆಯಿಂದ ಮನೆ ನಡೆಯುವ ಕಾಲ ಮುಗಿದಿತ್ತು. ಆದರೆ ತಂದೆಯ ಕಾಲದ ಫೋನು ಅಕ್ಕನ ಕಡೆ ಇತ್ತು. ಅವನ ಹೆಂಡತಿ ಸೆರಗು ಹೊದ್ದು ಬಂದು ಕೇಳಿದಾಗ ಮೇಡಂ ಎರಡು ಮಾತಾಡಲಿಲ್ಲ. “ಫೋನು ಅಪ್ಪಂದು. ಲೈನ್ ತಗೊಳ್ಳಲಿ” ಎಂದರು. ಮಾಳಿಗೆಯ ಮೇಲಿನಿಂದ ಒಂದು ಕೇಬಲ್ ಆ ಕಡೆಗೆ ಇಳಿಯಿತು.

ಎದುರಿಗೆ ಫರ್ಸಿ ಕೊಯ್ಯುವ ಯಂತ್ರವಿತ್ತು. ಅದು ಶುರುವಾದರೆ ಸಾಕು, ಅಂಗಡಿಯಲ್ಲಿ ಇಂಟರ್ನೆಟ್ ಸತ್ತುಹೋಗುತ್ತಿತ್ತು. ತಮ್ಮ ಹೈದರಾಬಾದಿನಿಂದ ಬೆಳ್ಳಿಹಾಳೆ ಸುತ್ತಿದ ಕೇಬಲ್ ತಂದ. ಹೊರಗಿನ ಗದ್ದಲವನ್ನು ಆ ಹಾಳೆ ಹಿಡಿದು ನೆಲಕ್ಕೆ ಬಿಡುತ್ತದೆ. ಮೇಡಂ ತಮ್ಮ ತುದಿಯಲ್ಲಿ ಅದರ ತಂತಿಯನ್ನು ತಮ್ಮ ಗುಂಡಿಗೆ ಸೇರಿಸಿದರು. ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ತಮ್ಮ ತನ್ನ ತುದಿಯನ್ನೂ ತನ್ನ ಮನೆಯ ಅರ್ತಿಂಗಿಗೆ ಕಟ್ಟಿದ. ಅಕ್ಕನ ಕಡೆ ಕಟ್ಟಿದ್ದನ್ನು ನಮ್ಮ ಕಡೆ ಯಾಕೆ ಬಿಡಬೇಕು ಎಂಬುದು ಅವನ ನ್ಯಾಯ. ಚಮಚೆಯನ್ನೂ ಸಮನಾಗಿ ಹಂಚಿಕೊಂಡ ಮನೆ ಅದು.

ಸ್ವಲ್ಪ ದಿನ ಚೆನ್ನಾಗಿ ನಡೆಯಿತು. ಚಳಿಗಾಲ ಬಂದ ಮೇಲೆ ಕಂಪ್ಯೂಟರುಗಳು ಒಂದೊಂದಾಗಿ ಕೈಕೊಡತೊಡಗಿದವು. ಗಿರಾಕಿಗಳು ಬೇರೆ ಅಂಗಡಿ ಹಿಡಿದರು. ತಮ್ಮನ ಹೆಂಡತಿ ಮತ್ತೆ ಬಂದು, “ಅಕ್ಕಾರ, ಹಿಂಗಾದ್ರ ಅಂಗಡಿ ಮುಚ್ಚಬೇಕಾಗ್ತದ್ರಿ” ಎಂದು ಕಣ್ಣು ಒರೆಸಿಕೊಂಡಳು. ಎರಡೂ ತುದಿ ಕಟ್ಟಿದ ವಿಷಯ ಮೇಡಂಗೆ ಗೊತ್ತಾದದ್ದು ಆಗಲೇ.

ಆ ಶನಿವಾರ ಅರ್ಧ ದಿನದ ಕಾಲೇಜು. ನನ್ನ ಗಾಡಿ ಸಂಜೆಗೆ. ಮೇಡಂ ಊಟಕ್ಕೆ ಕರೆದರು. ಊಟ ಪುಕ್ಕಟೆ ಸಿಗುವುದಿಲ್ಲವೆಂದು ಹೋದ ಮೇಲೆ ತಿಳಿಯಿತು. ಕೈಯಲ್ಲಿ ಇಕ್ಕಳ ಕೊಟ್ಟು, “ಕೆಮಿಸ್ಟ್ರಿ, ಆ ಕಡೆ ಹೋಗ್ರಿ. ಹಾಳಿ ಜೋಡಿ ಬರಿಮೈ ತಂತಿ ಇರ್ತದ, ಅದೊಂದನ್ನ ಕತ್ತರಿಸಿ ಬರ್ರಿ. ಎರಡು ಮನಿ, ಎರಡು ಅರ್ತಿಂಗ್. ಎರಡೂ ಕಡೆ ಕಟ್ಟಿದ್ರ ಒಂದರ ಕರೆಂಟ್ ಇನ್ನೊಂದಕ್ಕ ಹರೀತದ” ಎಂದರು.

“ತಮ್ಮಗ ಹೇಳಿದ್ರ ಅವನೇ ಕತ್ತರಸ್ತಾನಲ್ರಿ?”

“ಹೇಳಲಿಕ್ಕ ನಾವು ಮಾತಾಡಬೇಕಲ್ಲ” ಎಂದರು, ಆ ಕಡೆಗೆ ಕೇಳುವಷ್ಟು ಗಟ್ಟಿಯಾಗಿ.

ನಾನು ಬೀದಿ ಸುತ್ತಿ ಆ ಮನೆಗೆ ಹೋದೆ. ಚಪ್ಪಲಿ ಹೊರಗೆ ಬಿಟ್ಟೆ. ಆಗ ತಾನೇ ನೆಲ ಒರೆಸಿದ್ದರು. ತಮ್ಮ ಗುಡಿಗೆ ಹೋಗುವ ಮುಂಚೆ ಸ್ನಾನಕ್ಕೆಂದು ಬಚ್ಚಲ ಬಕೀಟಿನಲ್ಲಿ ಕರೆಂಟಿನ ಕಾಯಿಲ್ ಹಾಕಿ ನೀರು ಕಾಯಲು ಇಟ್ಟಿದ್ದ. ಪಂಚೆಯಲ್ಲಿ ನಿಂತು, “ಏನು ಹೇಳಿ ಕಳಿಸ್ಯಾರ್ರಿ ನಿಮ್ಮ ಮೇಡಂ?” ಎಂದ. ಹೇಳಿದೆ. “ಅವರ ಕಡೆದು ಇರಬೇಕು, ನಮ್ಮದು ಕತ್ತರಿಸಬೇಕು. ಇರಲಿ, ಕತ್ತರಸ್ರಿ” ಎಂದ. ನಾನು ಒಂದು ಕೈ ಕಂಪ್ಯೂಟರಿನ ತಗಡಿನ ಮೇಲೆ ಊರಿ ಬಗ್ಗಿದೆ. ಇಕ್ಕಳದ ಬಾಯಿಯಲ್ಲಿ ತಂತಿ ಸಿಕ್ಕಿತು.

ಅಷ್ಟರಲ್ಲಿ ಗೋಡೆಯ ಆಚೆಯಿಂದ ಕೂಗು ಬಂತು.

“ತಮ್ಮಾ, ಮೇನ್ ಆರ್ಸೋ! ಮೊದಲ ಮೇನ್ ಆರ್ಸು! ಕೆಮಿಸ್ಟ್ರಿ, ಕೈ ತಗೀರಿ!”

ಮೇಡಂ ಹಾಗೆ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಇಕ್ಕಳ ಕೈಜಾರಿತು. ತಮ್ಮ ಯಾಕೆ, ಏನು ಎನ್ನದೆ ಓಡಿ ಮೇನ್ ಎಳೆದ. ಫ್ಯಾನು ನಿಂತಿತು. ಅಷ್ಟು ವರ್ಷಗಳ ಮೇಲೆ ಅಕ್ಕ ತಮ್ಮನಿಗೆ ಆಡಿದ ಮೊದಲ ಮಾತು ಅದು. ಮೂವರಿಗೂ ಅದು ಒಟ್ಟಿಗೆ ಹೊಳೆದಿರಬೇಕು.

ಆಮೇಲೆ ತಮ್ಮ ನನ್ನ ಕಡೆ ತಿರುಗಿ, “ಸರ, ನಿಮ್ಮ ಮೇಡಂಗ ಕೇಳ್ರಿ, ಯಾಕ ಒದರಿದ್ರು ಅಂತ” ಎಂದ.

ನಾನು ಕೇಳುವ ಮೊದಲೇ ಆಚೆಯಿಂದ ಉತ್ತರ ಬಂತು. “ಹೇಳ್ರಿ ಕೆಮಿಸ್ಟ್ರಿ, ಕೇಬಲ್ ಬೆಚ್ಚಗದ. ಇಂಟರ್ನೆಟ್ ಕೇಬಲ್ ಎಲ್ಲೆರ ಬೆಚ್ಚಗ ಆಗ್ತದೇನು ಅಂತ ಕೇಳ್ರಿ.”

ಮೇಡಂ ತಾವಿದ್ದ ಕಡೆ ಕೇಬಲ್ಲನ್ನು ಸುಮ್ಮನೆ ಎಳೆದು ನೋಡಲು ಹಿಡಿದಿದ್ದರಂತೆ. ಬಿಸಿ ತಾಕಿದ ಕೂಡಲೇ ವಿಷಯ ತಿಳಿದುಹೋಗಿತ್ತು. ತಮ್ಮನ ಬಚ್ಚಲಿನ ಕಾಯಿಲ್ ಒಳಗೇ ಕೆಟ್ಟು ಕರೆಂಟು ಬಿಡುತ್ತಿತ್ತು. ಅದು ಇಳಿಯಲು ಅವನ ಮನೆಯ ಸಲಾಕೆಯಲ್ಲಿ ದಾರಿ ಇರಲಿಲ್ಲ. ಕೆಳಗೆ ಬರೀ ಕಲ್ಲು. ಆ ಕರೆಂಟು ಅರ್ತಿಂಗ್ ವೈರಿನಲ್ಲಿ ತಿರುಗಿ, ಕಂಪ್ಯೂಟರಿನ ತಗಡಿಗೆ ಬಂದು, ಕೂದಲಿನಷ್ಟು ಸಣ್ಣ ಆ ತಂತಿ ಹಿಡಿದು ಮಾಳಿಗೆ ಹತ್ತಿ, ಅಕ್ಕನ ಗುಂಡಿಗೆ ಇಳಿಯುತ್ತಿತ್ತು. ಚಳಿಗಾಲದಲ್ಲಿ ಕಂಪ್ಯೂಟರುಗಳನ್ನು ಕೆಡಿಸಿದ್ದೂ ಅದೇ. ನಾನು ಆ ತಂತಿಯನ್ನು ಕತ್ತರಿಸಿದ್ದರೆ ಅದು ಬೇರೆ ದಾರಿ ಹುಡುಕುತ್ತಿತ್ತು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ, ತಗಡಿನ ಮೇಲೆ ಕೈಯೂರಿ ನಿಂತವನು ನಾನೇ ಇದ್ದೆ.

ಮೇಡಂ ಹೋಲ್ಡರಿಗೆ ಹಾಕಿದ ಬಲ್ಬೊಂದನ್ನು ನನ್ನ ಕೈಲಿ ಕೊಟ್ಟು ಕಳಿಸಿದರು. ಕಾಯಿಲ್ ತೆಗೆಸಿ, ಮೇನ್ ಹಾಕಿಸಿ, ಕೇಬಲ್ ಬಿಡಿಸಿದ ಮೇಲೆ ಅವರು ಗೋಡೆಯಾಚೆಯಿಂದ ಹೇಳಿದ ಹಾಗೆ ತಮ್ಮ ಅದನ್ನು ಕರೆಂಟಿಗೂ ತನ್ನ ಅರ್ತಿಂಗಿಗೂ ಹಿಡಿದ. ಬಲ್ಬಿನ ಎಳೆ ಬರೀ ಕೆಂಪಗಾಯಿತು. ಅದೇ ಬಲ್ಬನ್ನು ಕಳಿಸುವ ಮುಂಚೆ ಮೇಡಂ ತಮ್ಮ ಗುಂಡಿಗೆ ಹಿಡಿದಾಗ ಕಣ್ಣು ಕುಕ್ಕುವಂತೆ ಉರಿದಿತ್ತು. ಈ ಮನೆಯ ಸಲಾಕೆ ಹೆಸರಿಗಷ್ಟೇ ಇತ್ತು. ತಮ್ಮನ ಹೆಂಡತಿ ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು.

ನಾನು ತಿರುಗಿ ಬಂದಾಗ ಮೇಡಂ ತುಳಸಿಕಟ್ಟೆಯ ಮೇಲೆ ಕೂತಿದ್ದರು. ಬಡಿಸಿದ್ದ ಅನ್ನ ಆರುತ್ತಿತ್ತು. “ನನ್ನ ನಿಯಮ ಬರೋಬ್ಬರಿ ಇತ್ತು ಕೆಮಿಸ್ಟ್ರಿ. ಅಂವನ ಮನಿ ಹೆಂಗದ ಅಂತ ನಾ ನೋಡೇ ಇಲ್ಲ” ಎಂದರು. ಅವರು ತಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಅವರ ಕಡೆನೂ ಒಂದು ಗುಂಡಿ ತೋಡಸ್ಲಿ ಬಿಡ್ರಿ” ಎಂದೆ.

“ಎಲ್ಲಿ ತೋಡಸ್ತಾನ? ಮಣ್ಣು ಇಲ್ಲಷ್ಟೇ ಅದ” ಎಂದು ಕಟ್ಟೆಯ ಬುಡ ತಟ್ಟಿದರು. “ಅಪ್ಪ ತುಳಸಿ ಇಲ್ಲೇ ಯಾಕ ಹಚ್ಚಿದಾ ಅಂತ ನಾವಿಬ್ರೂ ಒಮ್ಮೆರ ವಿಚಾರ ಮಾಡಿಲ್ಲ ನೋಡ್ರಿ. ಕಟ್ಟಿ ಯಾರ್ದು ಅಂತ ಜಗಳಾಡಿದ್ವಿ.”

ಮರುದಿನ ಭಾನುವಾರ. ನಾನು ಬೇಕೆಂದೇ ಗಾಡಿ ಹತ್ತಿ ಬಂದೆ. ಮೇಡಂ ಸೆರಗು ಸಿಕ್ಕಿಸಿಕೊಂಡು, ಗುಂಡಿಯ ಎದುರಿಗೆ, ಗೋಡೆಯ ಬುಡದಲ್ಲಿ ಉಳಿ ಸುತ್ತಿಗೆ ಹಿಡಿದು ಕೂತಿದ್ದರು. ಅರ್ತಿಂಗಿನ ತಂತಿ ದಪ್ಪ ಇರಬೇಕು, ನೆಟ್ಟಗೆ, ಹತ್ತಿರದ ದಾರಿಯಲ್ಲಿ ಹೋಗಬೇಕು. ಮಾಳಿಗೆ ಸುತ್ತಿ ಒಯ್ಯುವ ಮಾತಿಲ್ಲ. ನಾನು ಸುತ್ತಿಗೆ ಕೇಳಿದೆ. ಕೊಡಲಿಲ್ಲ.

ಏಟಿನ ಸದ್ದಿಗೆ ಆಚೆ ಬಾಗಿಲು ತೆರೆಯಿತು. “ಸರ, ಗ್ವಾಡಿಗಿ ಏನೂ ಮಾಡಬಾರದಂತ ಕರಾರ ಆಗ್ಯದ, ನೆನಪದೇನು ಕೇಳ್ರಿ” ಎಂದ ತಮ್ಮ.

“ಕಿಡಕಿ ಬ್ಯಾಡಂದಾರ, ಮೋರಿ ಬ್ಯಾಡಂದಾರ. ಅರ್ತಿಂಗ್ ಬ್ಯಾಡಂದಿಲ್ಲ” ಎಂದು ಮೇಡಂ ಗೋಡೆಗೇ ಹೇಳಿ ಇನ್ನೊಂದು ಏಟು ಹಾಕಿದರು.

ತೂತು ಬಿತ್ತು. ಗುಂಡಿಯಿಂದ ಬಂದ ಬೆರಳು ದಪ್ಪದ ತಾಮ್ರದ ತಂತಿಯನ್ನು ಅದರಲ್ಲಿ ತೂರಿಸಿದರು. ಈ ತುದಿ ಅವರ ಕೈಯಲ್ಲಿತ್ತು. ಆ ತುದಿಯನ್ನು ಯಾರೂ ಹಿಡಿಯಲಿಲ್ಲ. ನಾನು ಬೀದಿ ಸುತ್ತಿ ಹೋಗಲು ಎದ್ದೆ. “ನೀವು ಹೋಗಬ್ಯಾಡ್ರಿ ಕೆಮಿಸ್ಟ್ರಿ, ಕುಂದ್ರಿ” ಎಂದರು. ಬಿಸಿಲು ಏರುತ್ತಿತ್ತು. ಅವರು ತಂತಿ ಹಿಡಿದು ಹಾಗೇ ಕೂತರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ಓದಿದ ಹೆಂಗಸು, ಊರಿನ ಅರ್ಧ ಮಕ್ಕಳಿಗೆ ಪಾಠ ಹೇಳಿದವರು, ಒಂದು ತೂತಿನ ಮುಂದೆ ಹೀಗೆ ಕಾಯಬೇಕೆ ಅನಿಸಿತು.

ಬಹಳ ಹೊತ್ತಿನ ಮೇಲೆ ತಂತಿ ಅವರ ಕೈಯಲ್ಲಿ ಅಲುಗಿತು. ಆಮೇಲೆ ನಿಧಾನವಾಗಿ ಆ ಕಡೆಗೆ ಸರಿಯತೊಡಗಿತು.

“ಎಳದಾ” ಎಂದರು ಮೇಡಂ. ಮುಖ ಒರೆಸಿಕೊಂಡು ಎದ್ದು ಅಡುಗೆಮನೆಗೆ ಹೋದರು.

ಕೇಬಲ್ಲಿನ ಆ ಬರಿಮೈ ತಂತಿಯನ್ನು ತಮ್ಮ ತಾನೇ ತನ್ನ ಕಡೆ ಕತ್ತರಿಸಿದ. ಹೊಸ ಕಾಯಿಲ್ ಬಂತು. ಅಂಗಡಿ ಉಳಿಯಿತು. ಅಕ್ಕ ತಮ್ಮ ಒಂದೇ ಮಣೆಯಲ್ಲಿ ಕೂತು ಉಂಡರು ಎಂದೆಲ್ಲ ಬರೆದರೆ ಸುಳ್ಳಾಗುತ್ತದೆ. ಗೋಡೆ ಇದ್ದ ಹಾಗೇ ಇತ್ತು. ಆದರೆ ಎರಡೂ ಮನೆಯ ಕ್ಷೇಮ ಒಂದೇ ಗುಂಡಿಯಲ್ಲಿತ್ತು, ಅದು ಒಣಗಬಾರದು. ದಿನವೂ ಸಂಜೆ ಆ ಕಡೆಯಿಂದ ತಮ್ಮ, “ನೀರ್ ಹಾಕೀಯೇನು?” ಎಂದು ಕೇಳುತ್ತಿದ್ದ. ಈ ಕಡೆಯಿಂದ ಅಕ್ಕ, “ಹಾಕೀನಿ” ಎನ್ನುತ್ತಿದ್ದರು. ಅಷ್ಟೇ ಮಾತು. ಚಿಂಚೋಳಿಗೆ ಪರೀಕ್ಷೆಯ ಕೆಲಸಕ್ಕೆ ಹೋದಾಗ ಸಂಜೆಯೊಳಗೆ ಊರು ಸೇರಬೇಕೆಂದು ಮೇಡಂ ಬಸ್ಸಿಗೆ ಚಡಪಡಿಸಿದ್ದನ್ನು ನೋಡಿದ್ದೇನೆ. “ಅಂವ ಕೇಳ್ತಾನ್ರಿ” ಎಂದಿದ್ದರು.

ನಿವೃತ್ತಿಯಾದ ಮೇಲೆ ಬಹಳ ಕಾಲ ಇರಲಿಲ್ಲ. ಒಂದು ಬೆಳಿಗ್ಗೆ ಎದೆನೋವು ಎಂದವರು ಕಲಬುರಗಿ ತಲುಪಲಿಲ್ಲ.

ವೈಕುಂಠ ಸಮಾರಾಧನೆಗೆ ಹೋದೆ. ಎಲ್ಲವೂ ತಮ್ಮನ ಕಡೆಯೇ ನಡೆಯಿತು. ಜನ ಕರಗಿದ ಮೇಲೆ ನಾನು ಮೇಡಂ ಕಡೆಯ ಅಂಗಳಕ್ಕೆ ಹೋಗಿ ಕಟ್ಟೆಯ ಹತ್ತಿರ ಒಬ್ಬನೇ ನಿಂತೆ. ತುಳಸಿ ಹಸಿರಾಗಿತ್ತು, ಯಾರೋ ನೋಡಿಕೊಂಡಿದ್ದರು. ಗೋಡೆಯ ಬುಡದಲ್ಲಿ ತಾಮ್ರದ ತಂತಿ ಕಪ್ಪಾಗಿತ್ತು. ಸಂಜೆಯಾಯಿತು.

“ನೀರ್ ಹಾಕೀಯೇನು?” ಎಂದು ಗೋಡೆಯಾಚೆಯಿಂದ ಕೇಳಿಸಿತು.

ರೂಢಿಯ ಬಲದಿಂದ ಬಾಯಿಂದ ಬಂದದ್ದು ಅದು. ಕೇಳಿದವನಿಗೂ ಮರುಕ್ಷಣವೇ ಗೊತ್ತಾಯಿತು. ಆ ಕಡೆ ಪಾತ್ರೆಗಳ ಸದ್ದೂ ನಿಂತಿತು. ಅವರಿಬ್ಬರ ನಡುವೆ ಒಂದು ಕಾಲಕ್ಕೆ ಮಾತು ಒಯ್ದವನು ನಾನು. ಇದೊಂದನ್ನು ಯಾರಿಗೆ ಒಯ್ಯಲಿ ಎಂದು ತಿಳಿಯಲಿಲ್ಲ. ಕಟ್ಟೆಯ ಪಕ್ಕದಲ್ಲಿದ್ದ ಕೊಡ ಎತ್ತಿ ಗುಂಡಿಗೆ ಸುರಿದೆ. ಮಣ್ಣು ಬುಳುಬುಳು ಎಂದು ಕುಡಿಯಿತು.

“ಹಾಕೀನ್ರಿ” ಎಂದೆ.

ಮೂಗು ಒರೆಸಿಕೊಂಡ ದನಿಯಲ್ಲಿ ಗೋಡೆಯಾಚೆಯಿಂದ ತಮ್ಮ ಹೇಳಿದ: “ಇನ್ನೊಂದು ಕೊಡ ಹಾಕ್ರಿ ಸರ. ಬ್ಯಾಸಗಿ ಭಾಳ ಅದ.”